ಟಿವಿ ಮಾಡೆಲಿಂಗ್ ಶೋಗೆ ಹೋದರೆ ನಿಜಕ್ಕೂ ಏನಾಗುತ್ತೆ?

ನೀವು ಕೇಳಿದ್ದು ಎರಡು. ಇಂಥ ಶೋಗಳಲ್ಲಿ ಎಲ್ಲ ಮೊದಲೇ ಬರೆದಿಟ್ಟಿರುತ್ತಾರಾ, ಆಮೇಲೆ ಕೆಲಸ ಸಿಗುತ್ತಾ ಅಂತ. ನಾನು ದಾವಣಗೆರೆಯವಳು, ಒಂದು ಶೋನಲ್ಲಿ ಅರ್ಧದವರೆಗೂ ಇದ್ದೆ. ಚಾನೆಲ್ ಹೆಸರು ಬೇಡ ಬಿಡಿ, ಅಗ್ರಿಮೆಂಟಿಗೆ ಸಹಿ ಹಾಕಿದ್ದೇನೆ.

2003ರಲ್ಲಿ ಅಮೆರಿಕದಲ್ಲಿ ಟೈರಾ ಬ್ಯಾಂಕ್ಸ್ ಅನ್ನೋ ಮಾಡೆಲ್ ಶುರು ಮಾಡಿದ 'ಅಮೆರಿಕಾಸ್ ನೆಕ್ಸ್ಟ್ ಟಾಪ್ ಮಾಡೆಲ್' ಶೋ ಇದೆಯಲ್ಲ, 2015ರಲ್ಲಿ ಎಂಟಿವಿಯಲ್ಲಿ ಅದರ ಇಂಡಿಯಾ ಆವೃತ್ತಿಯೂ ಬಂತು, ಉಳಿದ ಶೋಗಳೆಲ್ಲ ಹೆಚ್ಚುಕಡಿಮೆ ಅದೇ ಅಚ್ಚು. ಫೋಟೋಶೂಟ್, ಜಡ್ಜ್‌ಗಳು, ಒಬ್ಬಳು ಮನೆಗೆ.

ಡೈಲಾಗ್ ಯಾರೂ ಬರೆದುಕೊಡಲ್ಲ. ಆದರೆ ಪಾತ್ರ ಹಂಚಿಬಿಟ್ಟಿರುತ್ತಾರೆ. ಒಬ್ಬಳು ಜಗಳಗಂಟಿ, ಒಬ್ಬಳು ಶ್ರೀಮಂತರ ಮಗಳು, ಒಬ್ಬಳು ಹಳ್ಳಿ ಹುಡುಗಿ. ಮೂರನೆಯದು ನನಗೆ. ನಮ್ಮ ಮನೆ ಇರೋದು ವಿದ್ಯಾನಗರದಲ್ಲಿ, ಅಪ್ಪನದು ಹಾರ್ಡ್‌ವೇರ್ ಅಂಗಡಿ, ಹೊಲ ನೋಡಬೇಕಂದ್ರೆ ನಾನೂ ಬಸ್ ಹತ್ತಬೇಕು! ಮನೆಯಲ್ಲಿ ಶೂಟ್ ಮಾಡಲು ಬಂದವರು ಸೋಫಾ, ಎಸಿ ನೋಡಿ ಸಪ್ಪಗಾದರು. ಕೊನೆಗೆ ಮಂಡಕ್ಕಿ ಭಟ್ಟಿ ಹತ್ತಿರ ಕರೆದುಕೊಂಡು ಹೋಗಿ ಹೊಗೆಯಲ್ಲಿ ನಿಲ್ಲಿಸಿದರು. ನಾನು ಆ ಕಡೆ ಕಾಲಿಟ್ಟಿದ್ದೇ ಅವತ್ತು. ಅಮ್ಮನಿಗೆ, ಮಗಳನ್ನು ಕಳಿಸುವಾಗ ಸ್ವಲ್ಪ ಅಳಿ ಅಂದರು. "ನಾನ್ಯಾಕಪ್ಪ ಅಳಲಿ, ಗಂಡನ ಮನೆಗೆ ಹೊಂಟಾಳೇನು?" ಅಂದಳು ಅಮ್ಮ. ಅದನ್ನು ಹಾಕಲೇ ಇಲ್ಲ. ಇಡೀ ಶೋನಲ್ಲಿ ಒಳ್ಳೆಯ ಮಾತು ಅದೊಂದೇ ಇತ್ತು ಅನ್ನೋದು ನನ್ನ ಅಭಿಪ್ರಾಯ.

ಹುಷಾರಾಗಿರಬೇಕಾದ್ದು ರ‍್ಯಾಂಪ್ ಮೇಲಲ್ಲ, ಒಬ್ಬಳನ್ನೇ ಕೂರಿಸಿ ಬೈಟ್, ಅಂದ್ರೆ ಕ್ಯಾಮೆರಾ ಮುಂದೆ ಹೇಳಿಸುವ ಮಾತು, ತಗೊಳ್ಳುವ ರೂಮಿನಲ್ಲಿ. ಕೇಳುವವರ ದನಿ ಟಿವಿಯಲ್ಲಿ ಬರಲ್ಲ, ಅದಕ್ಕೆ ಪ್ರಶ್ನೆಯನ್ನೂ ಸೇರಿಸಿಕೊಂಡು ಉತ್ತರ ಹೇಳಿ ಅಂತಾರೆ. ಬೇರೆ ಬೇರೆ ದಿನವೂ ಅದೇ ಬಟ್ಟೆ ಹಾಕಿಸುತ್ತಾರೆ, ಯಾವ ಮಾತನ್ನು ಯಾವುದಕ್ಕೆ ಅಂಟಿಸಿದರೂ ಗೊತ್ತಾಗಬಾರದು ಅಲ್ವಾ. ಜಡ್ಜ್‌ಗಳ ಮುಂದೆ ಗಂಟೆಗಟ್ಟಲೆ ಹೀಲ್ಸ್‌ನಲ್ಲಿ ನಿಂತು, ಕಾಲುನೋವಿಗೆ "ನನಗಂತೂ ಸಾಕಾಗಿಹೋಗಿದೆ" ಅಂದಿದ್ದೆ. ಟಿವಿಯಲ್ಲಿ ಅದು ನನ್ನ ರೂಮಿನಲ್ಲೇ ಇದ್ದ ಹುಡುಗಿಯ ಮುಖ ತೋರಿಸಿದ ತಕ್ಷಣ ಬಂತು. ಹರಿಹರದ ಅತ್ತೆ ಫೋನ್ ಮಾಡಿ, "ಪಾಪ, ಆ ಹುಡುಗಿ ಏನ್ ಮಾಡಿದ್ಲೇ ನಿಂಗೆ?" ಅಂದರು. ಆ ಹುಡುಗಿ ಮಾತ್ರ ನನ್ನ ಕೂಡ ಇವತ್ತಿಗೂ ಚೆನ್ನಾಗಿದ್ದಾಳೆ, ಅವಳಿಗೂ ಹೀಗೇ ಆಗಿತ್ತು.

ಇನ್ನು ಕೆಲಸ. ಅಗ್ರಿಮೆಂಟ್‌ನಲ್ಲಿ ನೋಡಬೇಕಾದ್ದು ಒಂದೇ ಸಾಲು, ಶೋ ಮುಗಿದ ಮೇಲೆ ಎಷ್ಟು ಕಾಲ ಬೇರೆಯವರ ಕೆಲಸ ಮಾಡುವ ಹಾಗಿಲ್ಲ ಅನ್ನೋದು. ಗೊತ್ತಿರುವ ವಕೀಲರಿಗೆ ತೋರಿಸಿಯೇ ಸಹಿ ಹಾಕಿ. ನನ್ನನ್ನು ದೊಡ್ಡ ಫ್ಯಾಷನ್ ಶೋಗಳಿಗೆ ಯಾರೂ ಕರೆಯಲಿಲ್ಲ. ಕರೆದದ್ದು ನಮ್ಮೂರಿನ ಸೀರೆ ಅಂಗಡಿಯವರು, ಆಮೇಲೆ ಹುಬ್ಬಳ್ಳಿಯವರು. ದುಡ್ಡು ಅವತ್ತೇ ಕೈಗೆ ಕೊಡುತ್ತಾರೆ.