ಶಾಲೆಯ ವಿರುದ್ಧ ಮಕ್ಕಳು ದಾವೆ ಹೂಡಿದರೆ

ಪ್ರಶ್ನೆ: ಶಾಲೆಯ ನಿಯಮವೊಂದು ಅನ್ಯಾಯವೆಂದು ವಿದ್ಯಾರ್ಥಿಗಳೇ ನ್ಯಾಯಾಲಯದ ಮೆಟ್ಟಿಲೇರಿ ಗೆಲ್ಲುವ ಕಥೆಯಿರುವ, ಅಮೆರಿಕದ ಮಕ್ಕಳ ಕಾದಂಬರಿಯೊಂದನ್ನು ನನ್ನ ಮಗಳು ಓದಿ ಮುಗಿಸಿದ್ದಾಳೆ. ಹೀಗೆ ನಿಜವಾಗಿ ನಡೆಯುತ್ತದೆಯೇ ಎಂದು ಅವಳು ಕೇಳುತ್ತಿದ್ದಾಳೆ. ಇಂಥ ಪುಸ್ತಕ ಉದ್ಧಟತನವನ್ನು ಕಲಿಸೀತೆಂಬ ಅಳುಕು ನನ್ನದು.

ಉತ್ತರ: ಮಗಳ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ: ನಡೆದಿದೆ. 1965ರ ಡಿಸೆಂಬರಿನಲ್ಲಿ ಅಮೆರಿಕದ ಐಯೊವಾ ರಾಜ್ಯದ ಡೆಮೊಯ್ನ್ ನಗರದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದಲ್ಲಿ ಮಡಿದವರಿಗಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಲು ನಿಶ್ಚಯಿಸಿದರು. ಸುಳಿವು ಸಿಕ್ಕ ಮುಖ್ಯೋಪಾಧ್ಯಾಯರು ಸಭೆ ಸೇರಿ, ಪಟ್ಟಿ ತೆಗೆಯಲೊಪ್ಪದವರನ್ನು ಅಮಾನತು ಮಾಡುವುದೆಂದು ತರಾತುರಿಯಲ್ಲಿ ನಿಯಮ ಮಾಡಿದರು. ಹೀಗೆ ಅಮಾನತಾದವರಲ್ಲಿ 13 ವರ್ಷದ ಮೇರಿ ಬೆತ್ ಟಿಂಕರ್ ಒಬ್ಬಳು. ಅಪ್ರಾಪ್ತ ವಯಸ್ಕರಾದ್ದರಿಂದ ಮಕ್ಕಳ ಪರವಾಗಿ ತಂದೆಯರು ದಾವೆ ಹೂಡಿದರು. 1966ರಲ್ಲಿ ಕೆಳ ನ್ಯಾಯಾಲಯದಲ್ಲಿ ಸೋಲಾಯಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿಗಳು ಸಮಸಮವಾಗಿ ಒಡೆದುಹೋದ ಕಾರಣ ಆ ಸೋಲೇ ಉಳಿಯಿತು. 1969ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ 7-2ರ ಬಹುಮತದಿಂದ ಮಕ್ಕಳ ಪರ ತೀರ್ಪಿತ್ತಾಗ ಮೇರಿ ಬೆತ್‌ಗೆ 16 ವರ್ಷ. ಕಾದಂಬರಿಗಳು ಸಾಮಾನ್ಯವಾಗಿ ನುಂಗಿಹಾಕುವುದು ಈ ಮೂರು ವರ್ಷಗಳನ್ನೇ.

ಮಕ್ಕಳು ಗೆದ್ದ ಕಾರಣ ಇನ್ನೂ ಸ್ವಾರಸ್ಯಕರವಾಗಿದೆ. ಚುನಾವಣಾ ಬಿಲ್ಲೆಗಳನ್ನು ಧರಿಸಿ ಬರುತ್ತಿದ್ದವರನ್ನು ಅದೇ ಶಾಲೆಗಳು ತಡೆದಿರಲಿಲ್ಲ. ನಿಷೇಧ ಬಿದ್ದದ್ದು ಕಪ್ಪು ಪಟ್ಟಿಯ ಮೇಲೆ ಮಾತ್ರ. ಪಟ್ಟಿಯಿಂದ ಪಾಠಕ್ಕೆ ಗಣನೀಯ ಅಡ್ಡಿಯಾಯಿತೆಂದಾಗಲಿ, ಆಗುವುದೆಂದು ನಂಬಲು ಆಧಾರವಿತ್ತೆಂದಾಗಲಿ ಶಾಲೆ ತೋರಿಸಲಾಗಲಿಲ್ಲ. ಅಂದರೆ ನಿಯಮ ಮಾಡುವ ಅಧಿಕಾರವನ್ನು ನ್ಯಾಯಾಲಯ ಕಿತ್ತುಕೊಳ್ಳಲಿಲ್ಲ, ನಿಯಮಕ್ಕೆ ಕಾರಣ ಕೇಳಿತು. 1975ರಲ್ಲಿ ಒಹಾಯೊದ ಇನ್ನೊಂದು ಪ್ರಕರಣದಲ್ಲಿ, ಹತ್ತು ದಿನಗಳವರೆಗಿನ ಅಮಾನತಿಗೂ ಮುನ್ನ ವಿದ್ಯಾರ್ಥಿಗೆ ಆರೋಪವನ್ನು ತಿಳಿಸಿ, ಅವನ ಮಾತನ್ನೂ ಕೇಳಬೇಕೆಂದು ಅದೇ ನ್ಯಾಯಾಲಯ 5-4ರ ಬಹುಮತದಿಂದ ಹೇಳಿತು.

ಇನ್ನು ನಿಮ್ಮ ಅಳುಕು. ಮುಖ್ಯೋಪಾಧ್ಯಾಯರನ್ನು ಬರೀ ಮೂರ್ಖರನ್ನಾಗಿ ಚಿತ್ರಿಸಿ ಮಕ್ಕಳನ್ನು ಸಲೀಸಾಗಿ ಗೆಲ್ಲಿಸುವ ಕಾದಂಬರಿಯಾದರೆ ನಿಮ್ಮ ದೂರಿನಲ್ಲಿ ಹುರುಳಿದೆ. ಆದರೆ ನನ್ನ ದೃಷ್ಟಿಯಲ್ಲಿ ಅದು ನೀತಿಯ ದೋಷಕ್ಕಿಂತ ಹೆಚ್ಚಾಗಿ ಕಥೆಗಾರಿಕೆಯ ದೋಷ. ಒಳ್ಳೆಯ ನ್ಯಾಯಾಲಯದ ಕಥೆಯಲ್ಲಿ ಪ್ರತಿವಾದಿಯ ಮಾತು ಕೇಳಿದಾಗ ಓದುಗ ಒಂದು ಗಳಿಗೆಯಾದರೂ ಅತ್ತ ವಾಲಬೇಕು. ಟಿಂಕರ್ ಪ್ರಕರಣದಲ್ಲಿ ಅಂಥ ಮಾತೂ ಇದೆ: ವಾಕ್ ಸ್ವಾತಂತ್ರ್ಯದ ಕಟ್ಟಾ ಸಮರ್ಥಕರೆಂದೇ ಹೆಸರಾಗಿದ್ದ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಅವರೇ, ಇದರಿಂದ ಶಾಲೆಗಳ ಶಿಸ್ತು ಸಡಿಲವಾಗುತ್ತದೆಂದು ಖಾರವಾದ ಭಿನ್ನಮತ ಬರೆದರು. ಮಗಳಿಗೆ ಅವರ ವಾದವನ್ನು ವಿವರಿಸಿ, ತಾನೇ ಶಾಲೆಯ ಪರ ವಕೀಲಳಾಗಿದ್ದರೆ ಏನು ಹೇಳುತ್ತಿದ್ದಳೆಂದು ಕೇಳಿ ನೋಡಿ.