ಮುಂಬೈಯಿಂದ ವೀಕೆಂಡ್‌ನಲ್ಲಿ ಜ್ವಾಲಾಮುಖಿ ಬಂಡೆಗಳ ಜಾಗ ನೋಡಬೇಕು. ಎಲ್ಲಿಗೆ ಹೋಗಬಹುದು? ಗೈಡ್ ಬೇಕಾ?

ದೂರ ಹೋಗಬೇಕಿಲ್ಲ, ಅಂಧೇರಿಯಿಂದಲೇ ಶುರು ಮಾಡಿ. ಅಲ್ಲಿನ ಗಿಲ್ಬರ್ಟ್ ಹಿಲ್ ಸುಮಾರು 60 ಮೀಟರ್ ಎತ್ತರದ ಕಪ್ಪು ಬಸಾಲ್ಟ್ ಬಂಡೆ. ಬಿಸಿ ಲಾವಾ ನಿಧಾನವಾಗಿ ಆರುವಾಗ ಕುಗ್ಗಿ, ಬಿರುಕು ಬಿಟ್ಟು, ಉದ್ದುದ್ದ ಕಂಬಗಳಾಗಿ ನಿಂತಿದೆ. ಸುತ್ತ ಕಟ್ಟಡಗಳು ಒತ್ತಿಕೊಂಡು ಬಂದಿರುವುದು ನೋಡಿದರೆ ಸಂಕಟವಾಗುತ್ತದೆ.

ಆಮೇಲೆ ಬೊರಿವಲಿಯ ಕನ್ಹೇರಿ. ಅರ್ಧ ದಿನವಾದರೂ ಇಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ಪದರ ಪದರವಾಗಿ ಲಾವಾ ಹರಿಯಿತು. ಆ ಕಾಲದ ಕಲ್ಲಿನಲ್ಲೇ ಬೌದ್ಧ ಭಿಕ್ಷುಗಳಿಗಾಗಿ ನೂರಕ್ಕೂ ಜಾಸ್ತಿ ಗುಹೆ ಕೊರೆದಿದ್ದಾರೆ. ಮಳೆನೀರು ಹಿಡಿಯಲು ತೋಡಿದ ತೊಟ್ಟಿಗಳನ್ನು ಮರೆಯದೆ ನೋಡಿ. ನಮ್ಮ ಅಮೋಘವರ್ಷನ ಹೆಸರಿರುವ ಶಾಸನಗಳೂ ಇಲ್ಲಿವೆ, ಖುಷಿಯಾಗುತ್ತೆ ಅಲ್ವಾ? ಸೋಮವಾರ ರಜೆ.

ಭಾನುವಾರ ಲೋಣಾವಳ ಹತ್ತಿರದ ಕಾರ್ಲಾ ಗುಹೆಗಳು. ಅಲ್ಲಿನ ಚೈತ್ಯದ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರದ, ಉದ್ದ ಸುಮಾರು 45 ಮೀಟರ್. ಚಾವಣಿಯಲ್ಲಿ ಎರಡು ಸಾವಿರ ವರ್ಷ ಹಳೆಯ ಮರದ ಕಮಾನುಗಳು ಇನ್ನೂ ಇವೆ. ಪುಣೆವರೆಗೂ ಹೋಗುವುದಾದರೆ ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ ಗುಹೆ ಊರ ನಡುವೆಯೇ ಇದೆ.

ಗೈಡ್ ಇದ್ದರೆ ಒಳ್ಳೆಯದು, ಅದರಲ್ಲೂ ಕನ್ಹೇರಿಗೆ. ಆದರೆ ಬುಕ್ ಮಾಡುವ ಮೊದಲು ಒಂದು ಮಾತು ಕೇಳಿ: ಕಲ್ಲಿನ ಬಗ್ಗೆಯೂ ಹೇಳುತ್ತೀರಾ, ಬರೀ ರಾಜರ ಕತೆನಾ? ಭೂವಿಜ್ಞಾನ ಗೊತ್ತಿರುವವರು ಸಿಕ್ಕರೆ ಅವರನ್ನೇ ಹಿಡಿಯಿರಿ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಆರಾಮ.