ಅಮ್ಮನನ್ನು ಆಮೇಲೆ ಕರೆಸಿಕೊಳ್ಳುತ್ತೀಯಾ? ಮೊದಲು ಇದನ್ನು ಓದು

ನಿನ್ನ ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆಗುವುದಿಲ್ಲ ಕಣೋ.

ಕಂಪನಿಯವರು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸ ಕೊಡುತ್ತಿದ್ದಾರೆ, ಮೂರು ವರ್ಷದ ವೀಸಾ, ಹೆಂಡತಿ ಮಗಳನ್ನು ಕರೆದುಕೊಂಡು ಹೊರಡಬೇಕು, ಸಂಬಳ ಸಾಕಾಗುತ್ತಾ, ಜನ ಹೇಗೆ, ವಲಸಿಗರ ವಿರುದ್ಧ ಈಗ ನಡೀತಿರೋ ಗಲಾಟೆಯಲ್ಲಿ ಬರೋದು ಸರಿಯಾ, ಹಬ್ಬ ಹರಿದಿನ ನಡೆಯುತ್ತಾ ಅಂತೆಲ್ಲ ಕೇಳಿ, ಕೊನೆಗೆ ಒಂದೇ ಒಂದು ಸಾಲು ಬರೆದಿದ್ದೀಯ: ‘ಅಮ್ಮ ಸದ್ಯಕ್ಕೆ ಹನುಮಂತನಗರದ ಮನೆಯಲ್ಲೇ ಇರ್ತಾರೆ, ಒಂದೆರಡು ವರ್ಷ ಆದಮೇಲೆ ಕರೆಸಿಕೊಳ್ತೀವಿ, ಅಲ್ವಾ ಅಕ್ಕ?’ ನನಗೆ ಜಾಸ್ತಿ ಹೇಳಬೇಕಿರುವುದು ಆ ಸಾಲಿನ ಬಗ್ಗೆಯೇ.

ವಯಸ್ಸಾದ ತಂದೆ ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಬ್ರಿಟನ್‌ನಲ್ಲಿ ಒಂದು ವೀಸಾ ಇದೆ, ಹೆಸರಿಗೆ. 2012ರ ಜುಲೈನಲ್ಲಿ ಅದರ ನಿಯಮ ಬಿಗಿ ಮಾಡಿದರು. ನೀನು ಅಲ್ಲಿನ ಕಾಯಂ ನಿವಾಸಿಯೋ ಪ್ರಜೆಯೋ ಆಗಿರಬೇಕು. ಕೆಲಸದ ವೀಸಾದಲ್ಲಿ ಇರುವವರು ಅದರ ಸುದ್ದಿಗೇ ಹೋಗುವಂತಿಲ್ಲ. ಅದಾದ ಮೇಲೆ, ಅಮ್ಮನಿಗೆ ಸ್ನಾನ, ಬಟ್ಟೆ, ಊಟದಂಥ ದಿನದ ಕೆಲಸಕ್ಕೂ ಇನ್ನೊಬ್ಬರು ಬೇಕು ಅನ್ನುವ ಸ್ಥಿತಿ ಇರಬೇಕು. ಅಷ್ಟೂ ಸಾಲದು. ನೀನು ದುಡ್ಡು ಕಳಿಸಿದರೂ ಅವರ ಊರಿನಲ್ಲಿ ನೋಡಿಕೊಳ್ಳುವವರು ಸಿಗುವುದಿಲ್ಲ ಅಂತ ತೋರಿಸಬೇಕು. ಬೆಂಗಳೂರಿನಲ್ಲಿ ಹೋಮ್ ನರ್ಸ್ ಸಿಗುವುದಿಲ್ಲ ಅಂದರೆ ಯಾರು ನಂಬುತ್ತಾರೆ ಹೇಳು? ಓಡಾಡಿಕೊಂಡಿರುವ ಅಮ್ಮನಿಗೆ ವೀಸಾ ಇಲ್ಲ. ಹಾಸಿಗೆ ಹಿಡಿದ ಅಮ್ಮನಿಗೆ ಅಲ್ಲೇ ನರ್ಸ್ ಇಡಿ ಅನ್ನುತ್ತಾರೆ.

ಉಳಿಯುವುದು ವಿಸಿಟ್ ವೀಸಾ. ಹತ್ತು ವರ್ಷದ್ದೂ ಕೊಡುತ್ತಾರೆ, ಆದರೆ ಒಂದು ಸಲ ಬಂದರೆ ಆರು ತಿಂಗಳು ಮೀರುವಂತಿಲ್ಲ. ಹೋಗಿ ಬಂದು ಹೋಗಿ ಬಂದು ಅಲ್ಲೇ ಸಂಸಾರ ಹೂಡುತ್ತಿದ್ದಾರೆ ಅನ್ನಿಸಿದರೆ ವಿಮಾನ ನಿಲ್ದಾಣದಲ್ಲೇ ಕೇಳುತ್ತಾರೆ. ಬಂದಾಗ ಆಸ್ಪತ್ರೆ ಸೇರಬೇಕಾಗಿ ಬಂತು ಅಂದುಕೋ, ಹೊರಗಿನವರಿಗೆ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ ಹಾಕುತ್ತಾರೆ. ವಿಮೆ ಮಾಡಿಸದೆ ಯಾರನ್ನೂ ಕರೆಸಬೇಡ.

ಇದನ್ನೆಲ್ಲ ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಅಲ್ಲಿರುವ ನಮ್ಮಲ್ಲಿ ಸುಮಾರು ಜನ ‘ಆಮೇಲೆ ಕರೆಸಿಕೊಳ್ತೀವಿ’ ಅಂತ ಹೇಳಿಯೇ ವಿಮಾನ ಹತ್ತಿದವರು. ಹೇಳುವಾಗ ನಾವೂ ನಂಬಿರುತ್ತೇವೆ, ಅವರೂ ನಂಬಿದ ಹಾಗೆ ತಲೆ ಆಡಿಸುತ್ತಾರೆ. ಆ ಒಂದು ಮಾತಿನಿಂದಾಗಿ ನಿಜವಾಗಿ ಮಾಡಬೇಕಾದ ಏರ್ಪಾಡು ಯಾವುದೂ ಆಗುವುದಿಲ್ಲ. ಮನೆ ಯಾರ ಹೆಸರಿನಲ್ಲಿದೆ, ಕೆಳಗಿನ ಬಾಡಿಗೆಯವರ ಹತ್ತಿರ ಯಾರು ಮಾತಾಡಬೇಕು, ರಾತ್ರಿ ಎದೆನೋವು ಬಂದರೆ ಯಾವ ಆಸ್ಪತ್ರೆ, ಯಾರು ಕರೆದುಕೊಂಡು ಹೋಗಬೇಕು. ಆಮೇಲೆ ಕರೆಸಿಕೊಳ್ಳುತ್ತೇವಲ್ಲ, ಈಗ ಯಾಕೆ ಇದೆಲ್ಲ ಅಂತ ಬಿಟ್ಟುಬಿಡುತ್ತೇವೆ.

ನಾನಿರುವುದು ಇಂಗ್ಲೆಂಡಿನಲ್ಲಾದರೂ ಈಗ ಬನಶಂಕರಿಯಲ್ಲಿ ನಮ್ಮಮ್ಮನ ಮನೆಯಿಂದಲೇ ಬರೆಯುತ್ತಿದ್ದೇನೆ. ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಎತ್ತಿಕೊಂಡು ಆಟೋದಲ್ಲಿ ಕೂರಿಸಿದ್ದು ಎದುರು ಮನೆಯವರು, ಆಸ್ಪತ್ರೆಯಲ್ಲಿ ಸಹಿ ಹಾಕಿದ್ದು ಮಹಡಿಯ ಬಾಡಿಗೆ ಹುಡುಗ. ಅವನ ಊರು ಪಟ್ನಾ. ಇದನ್ನು ನೆನಪಿಟ್ಟುಕೋ, ಮುಂದೆ ಮತ್ತೆ ಈ ಮಾತಿಗೆ ಬರುತ್ತೇನೆ. ಬೆಂಗಳೂರಿಂದ ಲಂಡನ್‌ಗೆ ನೇರ ವಿಮಾನ ಇದೆ, ಹತ್ತು ಗಂಟೆ ಚಿಲ್ಲರೆ, ಅದು ನಿಜ. ಆದರೆ ಟಿಕೆಟ್, ರಜೆ, ಮಗನ ಸ್ಕೂಲು ಎಲ್ಲ ಹೊಂದಿಸಿಕೊಂಡು ಬರುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಈಗ ಒಬ್ಬ ಹೆಂಗಸು ಹಗಲು ರಾತ್ರಿ ಅಮ್ಮನ ಜೊತೆ ಇರುತ್ತಾರೆ. ಒಳ್ಳೆಯವರು, ಹಾಸನ ಕಡೆಯವರು. ಅವರು ಊರಿಗೆ ಹೋದರೆ ಏಜೆನ್ಸಿಯವರು ಯಾರನ್ನೋ ಕಳಿಸುತ್ತಾರೆ, ಅವರಿಗೆ ಅಮ್ಮನ ಮಾತ್ರೆ ಯಾವುದು ಬೆಳಗಿನದು ಯಾವುದು ರಾತ್ರಿದು ಅಂತ ನಾನು ವಿಡಿಯೋ ಕಾಲ್‌ನಲ್ಲಿ ಬಣ್ಣ ತೋರಿಸಿ ಹೇಳಬೇಕು.

ದೊಡ್ಡದಕ್ಕಿಂತ ಚಿಕ್ಕ ವಿಷಯಗಳೇ ಜಾಸ್ತಿ ಕಾಡುತ್ತವೆ. ಗ್ಯಾಸ್ ಸಿಲಿಂಡರ್ ಬಂದಾಗ ಕೋಡ್ ಹೇಳಬೇಕಲ್ಲ, ಅದು ನನ್ನ ನಂಬರ್‌ಗೆ ಬರುತ್ತಿತ್ತು. ಇಲ್ಲಿ ಬೆಳಗ್ಗೆ ಹತ್ತೂವರೆ, ಸಿಲಿಂಡರ್ ಹುಡುಗ ಗೇಟಿನಲ್ಲಿ ನಿಂತಿದ್ದಾನೆ, ಅಲ್ಲಿ ಚಳಿಗಾಲದ ಬೆಳಗಿನ ಜಾವ ಐದು. ನಾನು ಮಲಗಿದ್ದೇನೆ, ಹುಡುಗ ಹೊರಟುಹೋಗುತ್ತಾನೆ. ಆದ್ದರಿಂದ ಗ್ಯಾಸ್, ಬ್ಯಾಂಕು, ಆಧಾರ್, ಕರೆಂಟ್ ಬಿಲ್ಲು, ಎಲ್ಲಕ್ಕೂ ನಿಮ್ಮಮ್ಮನ ಕೈಯಲ್ಲಿರುವ ಫೋನಿನ ನಂಬರ್ ಕೊಡು, ನಿನ್ನದಲ್ಲ. ನಿನ್ನ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ, ಅಂದರೆ ಅನಿವಾಸಿಗಳ ಖಾತೆಗೆ ಬದಲಾಯಿಸಬೇಕು, ಅದನ್ನು ಮರೆಯಬೇಡ. ಅಮ್ಮನ ಖಾತೆಗೆ ನಂಬಿಕೆಯ ಒಬ್ಬರನ್ನು ಜಂಟಿಯಾಗಿ ಸೇರಿಸು. ಬಚ್ಚಲಿಗೆ ಹಿಡಿಕೆ ಹಾಕಿಸು, ಇವತ್ತೇ.

ದುಡ್ಡಿನ ವಿಷಯಕ್ಕೆ ಬರೋಣ. ಅಲ್ಲಿ ಸರ್ಕಾರಿ ಆಸ್ಪತ್ರೆ ಪುಕ್ಕಟೆ ಅಂತ ಯಾರೋ ಹೇಳಿದರು ಅಂದಿದ್ದೀಯ. ನಿಮಗೆ ಪುಕ್ಕಟೆ ಅಲ್ಲ, ಮುಂಗಡವಾಗಿ ಕಟ್ಟುತ್ತೀರಿ. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಮೂರು ಜನ, ಮೂರು ವರ್ಷ ಅಂದರೆ ಎಂಟೂವರೆ ಸಾವಿರ ಪೌಂಡ್, ನಮ್ಮ ದುಡ್ಡಿನಲ್ಲಿ ಹತ್ತು ಲಕ್ಷದ ಆಸುಪಾಸು. ಅದೂ ವೀಸಾ ಅರ್ಜಿಯ ಜೊತೆಗೇ, ಒಂದೇ ಸಲ. ಕಂಪನಿ ಕಟ್ಟುತ್ತದಾ ಅಂತ ಲಿಖಿತವಾಗಿ ಕೇಳು, ನಾಚಿಕೆಪಡಬೇಡ. ಈ ಶುಲ್ಕ 624 ಇದ್ದದ್ದು 1,035 ಆದದ್ದು 2024ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಪ್ರಧಾನಿ ಆಗಿದ್ದಾಗಲೇ. ಅವರು ಪ್ರಧಾನಿ ಆದ ದಿನ ಇಲ್ಲಿ ಸಂಭ್ರಮ ಪಟ್ಟಿದ್ದೇ ಪಟ್ಟಿದ್ದು. ಕುರ್ಚಿ ಹೋದಮೇಲೆ 2024ರ ನವೆಂಬರ್‌ನಲ್ಲಿ ಅತ್ತೆ ಮಾವನ ಜೊತೆ ಜಯನಗರದ ರಾಯರ ಮಠಕ್ಕೂ ಬಂದು ಹೋದರು. ರಾಯರು ಅವರಿಗೆ ಒಳ್ಳೆಯದು ಮಾಡಲಿ. ನಾವು ಮಾತ್ರ ಶುಲ್ಕ ಕಟ್ಟುತ್ತಿದ್ದೇವೆ. ಕೆಲಸದ ವೀಸಾಗೆ ಬೇಕಾದ ಕನಿಷ್ಠ ಸಂಬಳವನ್ನು ಅವರ ಸರ್ಕಾರ 38,700 ಪೌಂಡ್‌ಗೆ ಏರಿಸಿತು, ಮುಂದೆ ಬಂದ ಲೇಬರ್ ಸರ್ಕಾರ 2025ರ ಜುಲೈನಲ್ಲಿ 41,700 ಮಾಡಿತು. ಯಾವ ಪಕ್ಷ ಬಂದರೂ ಇದೊಂದರಲ್ಲಿ ಒಮ್ಮತ.

ಇನ್ನು ಗಲಾಟೆ. ಹೌದು, 2024ರ ಬೇಸಿಗೆಯಲ್ಲಿ ನಾವೂ ಹೆದರಿದ್ದೆವು. ಸೌತ್‌ಪೋರ್ಟ್‌ನಲ್ಲಿ ಮೂರು ಪುಟ್ಟ ಹೆಣ್ಣುಮಕ್ಕಳ ಕೊಲೆ ಆಯಿತು. ಕೊಂದವನು ಆಶ್ರಯ ಕೇಳಿ ಬಂದ ವಲಸಿಗ ಅಂತ ಸುಳ್ಳು ಸುದ್ದಿ ಹಬ್ಬಿತು. ಅವನು ಹುಟ್ಟಿದ್ದೇ ಬ್ರಿಟನ್‌ನಲ್ಲಿ, ಕಾರ್ಡಿಫ್ ಅನ್ನುವ ಊರಿನಲ್ಲಿ. ಅಷ್ಟರಲ್ಲಿ ಊರೂರಲ್ಲಿ ಬೆಂಕಿ, ಕಲ್ಲು. ಆ ವಾರ ನಮ್ಮ ಯಜಮಾನರು ಆಫೀಸಿಗೆ ಹೋಗಲಿಲ್ಲ, ಮನೆಯಿಂದಲೇ ಕೆಲಸ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ಬಂದು ‘ಏನಾದರೂ ಬೇಕಾದರೆ ನಾನು ತಂದುಕೊಡುತ್ತೇನೆ’ ಅಂದರು. ಮುಂದಿನ ವರ್ಷ ಅಲ್ಲಿನ ಜನ ದೀಪದ ಕಂಬಗಳಿಗೆಲ್ಲ ಇಂಗ್ಲೆಂಡಿನ ಬಾವುಟ ಕಟ್ಟಿದಾಗ ಅದೇ ಅಜ್ಜ ತಾವೂ ಒಂದು ಕಟ್ಟಿದರು. ಎರಡೂ ನಿಜ. ನನಗೆ ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ನವೆಂಬರ್‌ನಲ್ಲಿ ನಮ್ಮ ಆಟೋಗಳ ಮೇಲೆ ಹಳದಿ ಕೆಂಪು ಬಾವುಟ ಹಾರುವುದನ್ನು ನೋಡಿ ಖುಷಿಪಡುವವಳು ನಾನು.

ಇಲ್ಲಿಗೆ ಬಂದಾಗಲೆಲ್ಲ ಇದೇ ಯೋಚನೆ. ಕಟ್ಟೆ ಮೇಲೆ ಕೂತ ಹಿರಿಯರು ‘ಹೊರಗಿನೋರು ಬಂದು ಬಾಡಿಗೆ ಏರಿಸಿಬಿಟ್ರು, ಕನ್ನಡ ಕಲಿಯಲ್ಲ’ ಅಂತಾರೆ. ಅದೇ ಉಸಿರಿನಲ್ಲಿ ‘ನಿಮ್ಮ ಲಂಡನ್‌ನವರಿಗೆ ಏನಮ್ಮ ಬಂದಿದೆ, ದುಡಿಯೋಕೆ ಬಂದೋರ ಮೇಲೆ ಕೂಗಾಡ್ತಾರಲ್ಲ’ ಅಂತ ನನ್ನನ್ನೇ ಕೇಳುತ್ತಾರೆ. 2024ರ ಜುಲೈನಲ್ಲಿ ನಮ್ಮ ಸಂಪುಟವೂ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಅಂತ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು, ಕಂಪನಿಗಳು ಎದ್ದು ನಿಂತ ಮೇಲೆ ತಡೆಹಿಡಿಯಿತು. ಅಲ್ಲಿಯ ಸರ್ಕಾರ 2026ರ ಜನವರಿಯಿಂದ ಕೆಲಸದ ವೀಸಾಗೆ ಇಂಗ್ಲಿಷ್ ಪರೀಕ್ಷೆಯ ಮಟ್ಟ ಏರಿಸಿದೆ. ನಾನು ಅದನ್ನು ತಪ್ಪು ಅನ್ನಲಾರೆ. ಬಂದವರು ಊರಿನ ಭಾಷೆ ಕಲಿಯಲಿ ಅಂತ ಬಸವನಗುಡಿಯಲ್ಲಿ ಕೇಳಿದರೆ ನ್ಯಾಯ, ರೆಡಿಂಗ್‌ನಲ್ಲಿ ಕೇಳಿದರೆ ಅನ್ಯಾಯ ಆಗುವುದು ಹೇಗೆ? ಆದರೆ ಬಂದವರನ್ನು ಬೈಯುವಾಗ ನಮ್ಮಮ್ಮನಿಗೆ ಸಹಿ ಹಾಕಿದ ಆ ಪಟ್ನಾ ಹುಡುಗ ನೆನಪಾಗುತ್ತಾನೆ. ಅವನಿಗೆ ಕನ್ನಡ ಈಗಲೂ ಅಷ್ಟಕ್ಕಷ್ಟೇ. ಅಮ್ಮ ಬೈದು ಬೈದು ಕಲಿಸುತ್ತಿದ್ದಾರೆ.

ಈ ರಾಜಕೀಯ ನಿನಗೆ ನೇರವಾಗಿ ತಟ್ಟುವುದು ಒಂದು ಕಡೆ. ಕೆಲಸದ ವೀಸಾದಲ್ಲಿ ಐದು ವರ್ಷ ಇದ್ದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು ಅನ್ನುವುದು ನಾವು ಹೋದಾಗಿನ ಲೆಕ್ಕ. 2025ರ ಮೇನಲ್ಲಿ ಅಲ್ಲಿನ ಸರ್ಕಾರ ಒಂದು ಶ್ವೇತಪತ್ರ, ಅಂದರೆ ಮುಂದೆ ಮಾಡಬೇಕೆಂದಿರುವ ನಿಯಮಗಳ ಪ್ರಸ್ತಾವ ತಂದು ಅದನ್ನು ಹತ್ತು ವರ್ಷ ಮಾಡುವ ಮಾತಾಡಿತು. ನೀನು ಹೊರಡುವ ದಿನ ಏನು ನಿಯಮ ಇದೆಯೋ ಅವರ ಸರ್ಕಾರದ ವೆಬ್‌ಸೈಟ್‌ನಲ್ಲೇ ನೋಡು, ವಾಟ್ಸಾಪ್ ಫಾರ್ವರ್ಡ್ ನಂಬಬೇಡ. ನಿಮ್ಮಮ್ಮನಿಗೆ ಈಗ ಅರವತ್ತೆಂಟು ಅಲ್ವಾ? ಹತ್ತು ವರ್ಷ ಆದರೆ ಎಪ್ಪತ್ತೆಂಟು. ಆಗ ನಿನಗೆ ಆ ಅಸಾಧ್ಯದ ವೀಸಾಗೆ ಅರ್ಜಿ ಹಾಕುವ ಅರ್ಹತೆ ಬರುತ್ತದೆ.

ದೇವರ ವಿಷಯ ಸುಲಭ. ಗಣಪತಿ ಸಿಗುತ್ತಾನೆ, ಬಾಳೆಎಲೆ ಸಿಗುತ್ತದೆ, ಬಕೆಟ್‌ನಲ್ಲಿ ವಿಸರ್ಜನೆ. ಬರ್ಮಿಂಗ್‌ಹ್ಯಾಮ್ ಹತ್ತಿರ ಟಿವಿಡೇಲ್‌ನಲ್ಲಿ ದೊಡ್ಡ ಬಾಲಾಜಿ ದೇವಸ್ಥಾನ ಇದೆ, ರೆಡಿಂಗ್‌ನಿಂದ ಎರಡು ಗಂಟೆ ಡ್ರೈವ್. ಲಂಡನ್‌ನಲ್ಲಿ ಥೇಮ್ಸ್ ದಡದಲ್ಲಿ, ಪಾರ್ಲಿಮೆಂಟ್‌ನ ಎದುರು ದಂಡೆಯಲ್ಲಿ 2015ರಿಂದ ಬಸವಣ್ಣನವರ ಮೂರ್ತಿ ನಿಂತಿದೆ, ನೋಡಿ ಬಾ. ಪಂಚಾಂಗ ಮಾತ್ರ ಅಲ್ಲಿನದೇ ನೋಡಬೇಕು. ತಿಥಿ ಲೆಕ್ಕ ಸೂರ್ಯೋದಯಕ್ಕೆ ತಾನೇ? ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ನಾಲ್ಕಕ್ಕೆ ಮುಳುಗಿರುತ್ತಾನೆ. ಹಾಗಾಗಿ ಅಮ್ಮನ ಏಕಾದಶಿ ಒಂದು ದಿನ, ನನ್ನದು ಇನ್ನೊಂದು ದಿನ ಬಂದದ್ದೂ ಉಂಟು. ಅಮ್ಮನಿಗೆ ಇದು ಇವತ್ತಿಗೂ ಒಪ್ಪಿಗೆ ಇಲ್ಲ. ‘ದೇವರಿಗೂ ಎರಡು ಗಡಿಯಾರ ಮಾಡಿದಿರಾ’ ಅಂತಾರೆ.

ನಿಜ ಹೇಳಬೇಕೆಂದರೆ ಇಲ್ಲಿದ್ದಾಗ ನಾನು ದೊಡ್ಡ ಗಣಪತಿ ದೇವಸ್ಥಾನದ ಮುಂದೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದವಳು, ಇಳಿದು ಕೈ ಮುಗಿದದ್ದು ಪರೀಕ್ಷೆ ಸಮಯದಲ್ಲಿ ಮಾತ್ರ. ಅಲ್ಲಿ ಹೋದಮೇಲೆ ಎರಡು ಗಂಟೆ ಕಾರು ಓಡಿಸುತ್ತೇನೆ. ಭಕ್ತಿ ಜಾಸ್ತಿ ಆಯಿತಾ ಅಂದರೆ ಗೊತ್ತಿಲ್ಲ. ಅಲ್ಲಿ ಯಾರಾದರೂ ಕನ್ನಡ ಮಾತಾಡುವುದು ಕಿವಿಗೆ ಬೀಳುತ್ತದೆ, ಪ್ರಸಾದದ ಪುಳಿಯೋಗರೆ ಇರುತ್ತದೆ. ನಮ್ಮ ಮಗ ಒಮ್ಮೆ ಕೇಳಿದ, ದೇವರು ಎಲ್ಲ ಕಡೆ ಇದ್ದರೆ ಬರ್ಮಿಂಗ್‌ಹ್ಯಾಮ್‌ಗೇ ಯಾಕೆ ಹೋಗಬೇಕು ಅಂತ. ಅವರಪ್ಪ ‘ಪಾರ್ಕಿಂಗ್ ಅಲ್ಲಿ ಚೆನ್ನಾಗಿದೆ’ ಅಂದರು.

ಮಗಳ ಸ್ಕೂಲಿನ ಚಿಂತೆ ಬೇಡ. ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರ್‌ಗೆ ಸರ್ಕಾರಿ ಸ್ಕೂಲಿಗೆ ಸೇರಬಹುದು, ಫೀಸಿಲ್ಲ, ಡೊನೇಷನ್ ಇಲ್ಲ. ಸಾಮಾನ್ಯವಾಗಿ ಮನೆ ಎಲ್ಲಿದೆಯೋ ಅದರ ಮೇಲೆ ಸ್ಕೂಲು. ಅದಕ್ಕೇ ಮೊದಲು ಸ್ಕೂಲು ನೋಡು, ಆಮೇಲೆ ಬಾಡಿಗೆ ಮನೆ. ಅಲ್ಲಿನ ಸರ್ಕಾರಿ ಸ್ಕೂಲುಗಳಲ್ಲಿ ಕಾನೂನಿನ ಪ್ರಕಾರ ದಿನಾ ಪ್ರಾರ್ಥನೆ ಇರಬೇಕು, ಹೆಚ್ಚಾಗಿ ಕ್ರೈಸ್ತ ಧಾಟಿಯದು. ಬೇಡ ಅಂದರೆ ಬಿಡಿಸಬಹುದು. ನಾವು ಬಿಡಿಸಲಿಲ್ಲ. ನಮ್ಮ ಮಗ ಕ್ರಿಸ್‌ಮಸ್ ನಾಟಕದಲ್ಲಿ ಕುರಿ ಆಗಿದ್ದ, ಮನೆಗೆ ಬಂದು ಅದೇ ವೇಷದಲ್ಲಿ ‘ಶುಕ್ಲಾಂಬರಧರಂ’ ಹೇಳಿದ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬೇಡಿ, ಇಂಗ್ಲಿಷ್ ತಾನಾಗೇ ಬರುತ್ತದೆ.

ನಿನ್ನ ಹೆಂಡತಿಗೂ ಅಲ್ಲಿ ಕೆಲಸ ಮಾಡಲು ಅನುಮತಿ ಇರುತ್ತದೆ. ಆದರೆ ಮನೆಕೆಲಸಕ್ಕೆ ಯಾರೂ ಬರುವುದಿಲ್ಲ. ಪಾತ್ರೆ, ಬಟ್ಟೆ, ಟಾಯ್ಲೆಟ್ ತೊಳೆಯುವುದು, ಎಲ್ಲ ನೀವಿಬ್ಬರೇ. ನಿನಗೆ ಅಡುಗೆ ಬರದಿದ್ದರೆ ಹೊರಡುವ ಮೊದಲು ಅನ್ನ, ಸಾರು, ಪಲ್ಯ ಕಲಿತುಕೋ. ಮಿಕ್ಸಿ, ಕುಕ್ಕರ್ ತಗೊಂಡು ಹೋಗು, ವೋಲ್ಟೇಜ್ ನಮ್ಮದೇ, ಪ್ಲಗ್ಗು ಮಾತ್ರ ಬೇರೆ.

ಹೋಗಬೇಡ ಅಂತ ನಾನು ಹೇಳುತ್ತಿಲ್ಲ. ನಾನೇ ಹೋದವಳು, ಮುಂದಿನ ವಾರ ಮತ್ತೆ ಹೊರಡುವವಳು. ಹೋಗು, ಆದರೆ ನಿಮ್ಮಮ್ಮ ಬೆಂಗಳೂರಿನಲ್ಲೇ ಇರುತ್ತಾರೆ ಅಂತ ಲೆಕ್ಕ ಹಾಕಿಕೊಂಡು ಹೋಗು. ವರ್ಷಕ್ಕೊಂದು ಸಲ ಅವರು ಬೇಸಿಗೆಯಲ್ಲಿ ಅಲ್ಲಿಗೆ, ಒಂದು ಸಲ ನೀವು ಇಲ್ಲಿಗೆ, ಆ ಟಿಕೆಟ್ ದುಡ್ಡನ್ನು ಈಗಲೇ ಸಂಬಳದಿಂದ ಕಳೆದು ನೋಡು. ಆಮೇಲೂ ಲೆಕ್ಕ ಕೂಡಿಬಂದರೆ ಸಹಿ ಹಾಕು. ಬೇಸಿಗೆಯಲ್ಲೇ ಕರೆಸು, ನವೆಂಬರ್‌ನಲ್ಲಿ ಬಂದರೆ ಕಿಟಕಿ ಮುಂದೆ ಕೂತು ವಾಪಸ್ ಕಳಿಸು ಅಂತ ಹಟ ಹಿಡಿಯುತ್ತಾರೆ.

ಭಾನುವಾರ ಸಂಜೆ ಮನೆಯಲ್ಲೇ ಇರುತ್ತೇನೆ. ಬಾ. ಒಬ್ಬನೇ ಬರಬೇಡ, ನಿಮ್ಮಮ್ಮನನ್ನೂ ಕರೆದುಕೊಂಡು ಬಾ. ಈ ವೀಸಾ ವಿಷಯವನ್ನು ಅವರ ಎದುರಿಗೇ ಹೇಳುತ್ತೇನೆ, ಅವರೇನನ್ನುತ್ತಾರೋ ಕೇಳೋಣ.